ಅವರವರ ಊಟ, ಅವರವರ ಕುರ್ಚಿ

ಗಲ್ಫಿನಲ್ಲಿ ನೌಕರಿ ಮಾಡುವವನ ಕುತ್ತಿಗೆ ಮೇಲಕ್ಕೂ ಕೆಳಕ್ಕೂ ಸಲೀಸಾಗಿ ಆಡುತ್ತದೆ, ಅಡ್ಡಡ್ಡ ಆಡುವುದಿಲ್ಲ. ವೀಸಾ ಕೊಟ್ಟ ಧಣಿ ಕಫೀಲ್ ಹೇಳಿದರೆ ಹೂಂ, ಮ್ಯಾನೇಜರ್ ಹೇಳಿದರೆ ಹೂಂ, ಒಮಾನಿನ ಅಲ್ ಅಜೈಬಾದ ನಮ್ಮ ಕಟ್ಟಡದ ವಾಚ್‌ಮನ್ ಗಾಡಿಯನ್ನು ಆಚೆ ನಿಲ್ಲಿಸಿ ಎಂದರೂ ಹೂಂ. ಇಷ್ಟು ವರ್ಷ ನುಂಗಿಕೊಂಡ ‘ಊಹೂಂ’ಗಳನ್ನೆಲ್ಲ ನಾನು ಒಂದೇ ಕಡೆ ಖರ್ಚು ಮಾಡಿದೆ. ಅದು ಮೋಟರ್‌ಹೋಮ್ ಮಾಲೀಕರ ಸಂಘದಲ್ಲಿ, ನೀರುದೋಸೆಯ ವಿಷಯದಲ್ಲಿ. ಅದಕ್ಕಾಗಿ ನನಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಮೋಟರ್‌ಹೋಮ್ ಎಂದ ಕೂಡಲೇ ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ನಮ್ಮದು ಬುರೈಮಿಯ ಪರದೆ ಬಟ್ಟೆಯ ವ್ಯಾಪಾರಿಯೊಬ್ಬನ ಹಳೆಯ ಡೆಲಿವರಿ ವ್ಯಾನ್. ಅದರೊಳಗೆ ಒಂದು ಮಂಚ, ಒಂದು ಗ್ಯಾಸ್ ಒಲೆ, ಕೈ ತೊಳೆಯಲು ಒಂದು ಬೋಗುಣಿ ಕೂರಿಸಿ ಮನೆ ಎಂದು ಕರೆದೆವು. ಮಂಚದ ಮೇಲೆ ನಾನು ಮಗ್ಗುಲು ಬದಲಿಸಬೇಕಾದರೆ ಹೆಂಡತಿ ಐರಿನ್‌ಳ ಒಪ್ಪಿಗೆ ಬೇಕು. ಆದರೂ ಅದರ ಮೇಲೆ ಐರಿನ್‌ಗೆ ಪ್ರಾಣ. ವಾರವಿಡೀ ಕ್ಲಿನಿಕ್ಕಿನ ಕೌಂಟರಿನಲ್ಲಿ ಕುಳಿತು ‘ನೆಕ್ಸ್ಟ್, ಟೋಕನ್ ಪ್ಲೀಸ್’ ಎನ್ನುವವಳಿಗೆ ನಾಲ್ಕು ಜನರೊಂದಿಗೆ ಮನಸ್ಸು ಬಿಚ್ಚಿ ಮಾತಾಡುವ ಆಸೆ. ಸಂಘಕ್ಕೆ ಸೇರಿದ್ದೇ ಆ ಆಸೆಗಾಗಿ.

ಸಂಘದ ಕಾರ್ಯದರ್ಶಿ ವಿಜಯಪುರ ಕಡೆಯ ಕುಲಕರ್ಣಿ. ಕಂಪನಿಯೊಂದರಲ್ಲಿ ಸೇಫ್ಟಿ ಆಫೀಸರ್. ಹೆಲ್ಮೆಟ್ ಇಲ್ಲದೆ ಮೆಟ್ಟಿಲು ಹತ್ತುವವರನ್ನು ಬೈಯುವುದೇ ಅವರ ಕಸುಬು. ಮೊದಲ ರ‍್ಯಾಲಿಗೆ, ಅಂದರೆ ಗಾಡಿಗಳ ಕೂಟಕ್ಕೆ, ಅವರಿಂದ ಮೆಸೇಜ್ ಬಂತು: ‘ಫಿನ್ಸ್ ಕಡಲತೀರ. ಅವರವರ ಊಟ, ಅವರವರ ಕುರ್ಚಿ.’ ನಾವು ಉಡುಪಿ ಕಡೆಯ ಕೊಂಕಣಿ ಮಾತಿನ ಜನ. ನಮ್ಮಲ್ಲಿ ಕರೆದವರು ‘ಏನೂ ತರಬೇಡಿ’ ಎನ್ನುವುದು ಮರ್ಯಾದೆಗೆ, ಹೋದವರು ಏನಾದರೂ ಒಯ್ಯುವುದೂ ಮರ್ಯಾದೆಗೆ. ‘ಅವರವರ ಊಟ’ ಎಂಬುದೂ ಅಂಥದೇ ಒಂದು ಸೌಜನ್ಯದ ಮಾತೆಂದು ಇಬ್ಬರೂ ತೀರ್ಮಾನಿಸಿದೆವು. ಅಷ್ಟು ದೂರ ಕರೆಸಿ ಊಟ ಹಾಕದವರು ಎಲ್ಲಾದರೂ ಇದ್ದಾರೆಯೇ? ಐರಿನ್ ಒಂದು ಪ್ಲಮ್ ಕೇಕ್ ಮಾಡಿಕೊಂಡಳು. ಅಲ್ಲಿಗೆ ಹೋಗಿ ಅದನ್ನು ಕೊಡಲು ಮನೆಯೊಡತಿ ಯಾರೆಂದು ವ್ಯಾನಿನಿಂದ ವ್ಯಾನಿಗೆ ಹುಡುಕಿದಳು. ಸಮುದ್ರದ ದಂಡೆಯಲ್ಲಿ ಮನೆಯೊಡತಿ ಎಲ್ಲಿಂದ ಬರಬೇಕು!

ಗಾಡಿಗಳೆಲ್ಲ ದುಂಡಗೆ ನಿಂತಿದ್ದವು. ಜನರೂ ದುಂಡಗೆ ತಮ್ಮ ತಮ್ಮ ಕುರ್ಚಿಯಲ್ಲಿ ಕುಳಿತರು. ನಾವು ನೀರಿನ ಕ್ಯಾನ್ ಮಗುಚಿ ಅದರ ಮೇಲೆ ಕುಳಿತೆವು. ಊಟದ ಹೊತ್ತಿಗೆ ಪ್ರತಿಯೊಬ್ಬರೂ ಡಬ್ಬಿ ತೆರೆದು, ಪಕ್ಕದವರ ಕಡೆ ನೋಡದೆ ತಿನ್ನತೊಡಗಿದರು. ಇಷ್ಟು ಜನರ ನಡುವೆ ಇಬ್ಬರೇ ಕೇಕ್ ತಿನ್ನಲು ಐರಿನ್‌ಗೆ ಮನಸ್ಸು ಬರಲಿಲ್ಲ. ಕತ್ತರಿಸಿ ಎಲ್ಲರಿಗೂ ಹಂಚಿದಳು. ಎಲ್ಲರೂ ಸಂತೋಷದಿಂದ ಒಂದೊಂದು ತುಂಡು ತೆಗೆದುಕೊಂಡು ಮತ್ತೆ ತಮ್ಮ ಡಬ್ಬಿಗೆ ಮರಳಿದರು. ನಮ್ಮ ಪಾಲಿಗೆ ಉಳಿದದ್ದು ಚಾಕು. ವಾಪಸ್ ಬರುವಾಗ ಖುರಿಯಾತದ ಪೆಟ್ರೋಲ್ ಬಂಕಿನಲ್ಲಿ ಪರೋಟ ತಿನ್ನುತ್ತಾ ಐರಿನ್ ಕಣ್ಣೊರೆಸಿಕೊಂಡಳು.

“ಹಸಿವೆ ಆಯ್ತು ಅಂತ ಅಲ್ಲ ಮಾರಾಯ್ರೆ. ಒಬ್ಬರಾದರೂ ‘ಬನ್ನಿ’ ಹೇಳಿದ್ರಾ? ಯಾರಿಗೂ ಕೊಡದೆ ತಿನ್ನಲಿಕ್ಕೆ ನಾನು ಇಷ್ಟು ದೂರ ಬರುದಿಲ್ಲ. ಇನ್ನು ಬರುದಾದ್ರೆ ಬಡಿಸ್ಲಿಕ್ಕೇ ಬರುದು, ಇಲ್ಲದಿದ್ರೆ ವ್ಯಾನ್ ಮಾರಿ” ಎಂದಳು.

ಮುಂದಿನ ರ‍್ಯಾಲಿಗೆ ನೀರುದೋಸೆಯ ಹಿಟ್ಟಿನ ಕ್ಯಾನನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ತಿರುವು ಬಂದಾಗಲೆಲ್ಲ ನನಗೂ ಹಿಟ್ಟಿಗೂ ಒಟ್ಟಿಗೆ ಬೈಗುಳ. ಕಡಲತೀರದಲ್ಲಿ ಕೋಳಿಸಾರು ಬಿಸಿಯಾಗಿ, ಮೊದಲ ದೋಸೆ ಕಾವಲಿಯಿಂದ ಎದ್ದದ್ದೇ ತಡ, ಒಮಾನಿ ಸದಸ್ಯ ಹಮೂದ್ ತಟ್ಟೆ ಹಿಡಿದು ಹಾಜರಾದ. ಅವನ ಹಿಂದೆ ಸಾಲು. ಕುಲಕರ್ಣಿಯವರು ಮಾತ್ರ ಬೆಳ್ಳಿ ಹಾಳೆಯಲ್ಲಿ ಸುತ್ತಿದ ಚಪಾತಿಯನ್ನು ಕೈಯಲ್ಲೇ ಹಿಡಿದು ಬಂದರು.

“ಸರ, ಇದು ಬ್ಯಾಡ್ರಿ. ಇವತ್ತು ನೀವು ತಿನಸ್ತೀರಿ, ನಾಳೆ ಮತ್ತೊಬ್ಬರು ತಿನಸಬೇಕಾಗ್ತದ. ಯಾರದರ ಹೊಟ್ಟಿ ಕೆಟ್ಟಿತಂದ್ರ ಜವಾಬ್ದಾರಿ ಯಾರದು? ರೂಲ್ ಅಂದ್ರ ರೂಲ್.”

“ಹೊಟ್ಟೆ ಕೆಡುದು ತಿಂದ್ರೆ ಅಲ್ಲ ಸರ್, ಪಕ್ಕದವ ತಿನ್ನುದನ್ನು ನೋಡ್ತಾ ಕೂತ್ರೆ” ಎಂದೆ. ನನ್ನ ಬಾಯಿಂದ ಇಂಥ ಮಾತು ಬಂದದ್ದು ನೋಡಿ ಐರಿನ್ ಸೌಟು ಹಿಡಿದೇ ನಿಂತುಬಿಟ್ಟಳು. ನನಗೂ ಆಶ್ಚರ್ಯವಾಯಿತು. ಆದರೆ ಒಮ್ಮೆ ಹೊರಟದ್ದು ನಿಲ್ಲಲಿಲ್ಲ. ಬಡಿಸುವುದು ತಪ್ಪಾದರೆ ಸಂಘದಿಂದ ಹೆಸರು ಹೊಡೆದುಹಾಕಿ, ಒಲೆ ಮಾತ್ರ ಆರುವುದಿಲ್ಲ ಎಂದೆ. ಕುಲಕರ್ಣಿಯವರು ಸ್ವಲ್ಪ ಯೋಚಿಸಿ, ಹಾಗಿದ್ದರೆ ಮುಂದಿನ ಸಲ ನಮ್ಮ ವ್ಯಾನ್ ಉಳಿದವರ ವೃತ್ತದ ಹೊರಗೆ ನಿಲ್ಲಬೇಕು ಎಂದು ಅಪ್ಪಣೆ ಮಾಡಿದರು.

ಮುಂದಿನ ಸಲ ಹೊರಗೇ ನಿಲ್ಲಿಸಿದೆ. ಅವರು ಹೇಳಿದ್ದಕ್ಕಿಂತ ಇನ್ನಷ್ಟು ದೂರ, ಬೇಕೆಂದೇ. ಐರಿನ್ ಸೌಟನ್ನು ನನ್ನ ಕೈಗೆ ಕೊಟ್ಟು, “ಹಟ ಮಾಡಿದ್ದು ನೀವು, ದೋಸೆಯೂ ನೀವೇ ಹೊಯ್ಯಿರಿ” ಎಂದಳು. ಯಾರೂ ಬರದಿದ್ದರೆ? ಅವಳು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ಆ ಕಡೆಯೇ ನೋಡುತ್ತಿದ್ದಳು. ನಾನು ಕಾವಲಿಗೆ ಎರಡನೇ ಸಲ ಎಣ್ಣೆ ಸವರಿದೆ. ಅಷ್ಟರಲ್ಲಿ ಹಮೂದ್ ಎದ್ದು, ತನ್ನ ಕುರ್ಚಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು “ಯಲ್ಲಾ!” ಎಂದ, ನಡೆಯಿರಿ ಎನ್ನುವ ಹಾಗೆ. ಅವನ ಹಿಂದೆ ಎಲ್ಲರೂ ಎದ್ದರು. ಅವರವರ ಕುರ್ಚಿ ಎಂಬ ರೂಲಿನ ದೊಡ್ಡ ಅನುಕೂಲ ಇದು: ಯಾರು ಬೇಕಾದರೂ, ಯಾವಾಗ ಬೇಕಾದರೂ, ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು. ಸ್ವಲ್ಪ ಹೊತ್ತಿನಲ್ಲಿ ವೃತ್ತ ನಮ್ಮ ವ್ಯಾನಿನ ಸುತ್ತ ಇತ್ತು, ಕುಲಕರ್ಣಿಯವರು ಅದರ ಹೊರಗಿದ್ದರು.

ನನಗೆ ಅದು ಸಾಕಿತ್ತು. ಅವರು ಅಲ್ಲೇ ಒಣ ಚಪಾತಿ ಅಗಿಯುತ್ತಾ ಇರಲಿ ಎನಿಸಿತು. ಐರಿನ್‌ಗೆ ಹಾಗೆ ಅನಿಸಲಿಲ್ಲ. ತಟ್ಟೆ ಹಿಡಿದು ಮರಳಿನಲ್ಲಿ ನಡೆದು ಹೋದಳು.

“ಬನ್ನಿ ಮಾರಾಯ್ರೆ, ತಣಿತದೆ. ನೀವು ಕೋಳಿ ತಿನ್ನುದಿಲ್ಲ ಅಂತ ಕಾಯಿಬೆಲ್ಲ ಬೇರೆ ಮಾಡಿ ತಂದಿದ್ದೇನೆ.”

ಅವರು ತಟ್ಟೆಯನ್ನು ನೋಡಿದರು, ಅವಳನ್ನು ನೋಡಿದರು, ಆಮೇಲೆ ಕುರ್ಚಿ ಎತ್ತಿಕೊಂಡರು. “ಕುರ್ಚಿ ನಂದ ಐತ್ರಿ. ಅರ್ಧಾ ರೂಲ್ ಪಾಲಿಸಿದಂಗಾತು” ಎಂದು ಗೊಣಗುತ್ತಾ ಬಂದು ಕುಳಿತರು. ಅವರು ಎಷ್ಟು ದೋಸೆ ತಿಂದರೆಂದು ನಾನು ಎಣಿಸಲಿಲ್ಲ, ಹೊಯ್ದು ಹೊಯ್ದು ನನ್ನ ರಟ್ಟೆ ಎಣಿಸಿತು.

ಈಗ ಮೆಸೇಜ್ ‘ಅವರವರ ಕುರ್ಚಿ’ ಎಂದಷ್ಟೇ ಬರುತ್ತದೆ. ಡಬ್ಬಿ ತರುವವರು ಯಾರೂ ಇಲ್ಲ. ಐರಿನ್ ನಡುವೆ ಕುಳಿತು ಹೊಟ್ಟೆ ತುಂಬ ಮಾತಾಡುತ್ತಾಳೆ, ನಗುತ್ತಾಳೆ. ಆ ನಗು ಕೇಳಿ ನನಗೆ ಖುಷಿಯೇ. ಆದರೆ ನೋಡಲು ಆಗುವುದಿಲ್ಲ, ನಾನು ಸಮುದ್ರಕ್ಕೂ ಅವಳಿಗೂ ಬೆನ್ನು ಹಾಕಿ ಒಲೆಯ ಮುಂದೆ ನಿಂತಿರುತ್ತೇನೆ. ನೀರುದೋಸೆ ಬಿಸಿಬಿಸಿ ಇರುವಾಗಲೇ ತಿನ್ನಬೇಕಾದದ್ದು, ಮೊದಲೇ ಮಾಡಿಡುವ ಹಾಗಿಲ್ಲ. ಹೊಯ್ಯುವವನಿಗೆ ಕುಳಿತುಕೊಳ್ಳುವ ಯೋಗವಿಲ್ಲ.

ಕಳೆದ ರ‍್ಯಾಲಿಯಲ್ಲಿ ಕುಲಕರ್ಣಿಯವರು ಖಾಲಿ ತಟ್ಟೆ ಹಿಡಿದು ಪಕ್ಕಕ್ಕೆ ಬಂದು ನಿಂತರು. ನಿಜವಾದ ಕನಿಕರದಿಂದಲೇ ಕೇಳಿದರು: “ಸರ, ನಿಮಗ ಭಾಳ ತ್ರಾಸ ಆಗಾಕತ್ತೇತಿ. ಹಳೇ ರೂಲ್ ವಾಪಸ್ ತರೂಣೇನ್ರಿ?”

ನನ್ನ ರಟ್ಟೆ ‘ಹೂಂ’ ಎಂದಿತು. ಸೊಂಟ ‘ಹೂಂ’ ಎಂದಿತು. ನಾನು ಮಾತ್ರ ಸೌಟನ್ನು ಮೇಲೆತ್ತಿ, “ನನ್ನ ತಲೆ ಹೋದರೂ ಇಲ್ಲ!” ಎಂದು ಇಡೀ ಕಡಲತೀರಕ್ಕೆ ಕೇಳುವಂತೆ ಕೂಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಕಾವಲಿಯ ಮೇಲಿದ್ದ ದೋಸೆ ಕರಟಿಹೋಯಿತು. ಅದನ್ನು ಬೇರೆಯವರಿಗೆ ಬಡಿಸುವಂತಿರಲಿಲ್ಲ, ನಾನೇ ತಿಂದೆ. ಆ ದಿನ ನನ್ನ ಊಟ ಅದೊಂದೇ.