ಹಸಿರು ಟೋಪಿಯವನ ಟೋಕನ್

ಎಲ್ಲಕ್ಕೂ ಮೂಲ ಒಂದು ಹಸಿರು ಉಣ್ಣೆ ಟೋಪಿ. ಅದನ್ನು ಹಾಕಿಕೊಂಡವನು ರಕ್ತಪರೀಕ್ಷೆಯ ಸಾಲಿನ ಮುಂದಿನ ಬೆಂಚಿನಲ್ಲಿ ಕೂತು ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದ.

"ಇವನಿಗೆ ಕಾಯಿಲೆ ಇಲ್ಲ ಕಣೇ," ಎಂದರು ಚೆಕಿಂಗ್ ಸಾಹೇಬರು ಹೆಂಡತಿಯ ಕಿವಿಯಲ್ಲಿ. "ಕ್ಯಾನ್ಸರ್ ಔಷಧಿ ಏರಿಸಿಕೊಳ್ಳೋನಿಗೆ ಕಡಲೆಕಾಯಿ ರುಚಿಸುತ್ತಾ? ನನಗೆ ನೀರು ಕುಡಿದ್ರೂ ತಗಡು ನೆಕ್ಕಿದ ಹಾಗಿರುತ್ತೆ."

"ಊರ ಉಸಾಬರಿ ನಮಗ್ಯಾಕ್ರೀ? ಸುಮ್ನೆ ಕೂತ್ಕೊಳ್ಳಿ," ಎಂದು ಹೆಂಡತಿ ನೀರು ತರಲು ಎದ್ದಳು.

ಸಾಹೇಬರು ಬಸ್ಸುಗಳಲ್ಲಿ ಮೂವತ್ತು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ನಿದ್ದೆ ನಟಿಸುವವರು, ಅವರು ಬಂದಕೂಡಲೇ ಕಿಟಕಿಯಾಚೆಯ ಮರಗಳನ್ನು ಎಣಿಸುವವರು, ಯಾರೂ ಅವರಿಂದ ತಪ್ಪಿಸಿಕೊಂಡಿರಲಿಲ್ಲ. ಆದರೆ ಅಷ್ಟು ಜನರನ್ನು ಅನುಮಾನಿಸಿದ ಮನುಷ್ಯ, ಟಿಕೆಟ್ಟಿಲ್ಲದೆ ತನ್ನ ಕತ್ತನ್ನೇ ಹತ್ತಿ ಕೂತ ಗಂಟನ್ನು ಮಾತ್ರ ಆರು ತಿಂಗಳು ಅನುಮಾನಿಸಲಿಲ್ಲ. ಆ ಸೇಡನ್ನು ಈಗ ಇಡೀ ಆಸ್ಪತ್ರೆಯ ಮೇಲೆ ತೀರಿಸಿಕೊಳ್ಳುತ್ತಿದ್ದರು. ಇವತ್ತು ಆರನೆಯ ಡ್ರಿಪ್, ಕೊನೆಯದು. ಇದೊಂದು ಮುಗಿದುಹೋಗಲಿ ಎಂದು ಅವರ ಜೀವ ಹಾತೊರೆಯುತ್ತಿತ್ತು.

ಹಸಿರು ಟೋಪಿಯವನು ಇದ್ದಕ್ಕಿದ್ದಂತೆ ಎದ್ದು ಹೊರಟುಹೋದ. ಹೆಂಡತಿ ನೀರಿನೊಂದಿಗೆ ಬಂದಳು. "ಏಳನೇ ನಂಬರ್!" ಎಂದು ಒಳಗಿನಿಂದ ಕೂಗಿದರು.

"ನಮ್ಮದೇ, ನಡೀರಿ," ಎಂದಳು.

"ಇಷ್ಟು ಬೇಗ?"

"ನಿಮ್ಮ ಅದೃಷ್ಟ."

ಅದೃಷ್ಟವನ್ನು ಸಾಹೇಬರು ಅನುಮಾನಿಸಲಿಲ್ಲ.

ಡಾಕ್ಟರ ಕೋಣೆಯೆದುರು ಮತ್ತೆ ಅದೇ ಟೋಪಿ! ಮತ್ತೆ ತನ್ನ ಸರದಿಗೆ ಮುಂಚೆಯೇ ಅವನು ಪರಾರಿ, ಮತ್ತೆ ಹೆಂಡತಿಗೆ ಬಾಯಾರಿಕೆ, ಮತ್ತೆ ಇವರಿಗೆ ಅದೃಷ್ಟ. ಡಾಕ್ಟರು, "ರಕ್ತ ಚೆನ್ನಾಗಿದೆ, ಕೊನೇ ಡ್ರಿಪ್ ಮುಗಿಸಿಬಿಡಿ," ಎಂದು ನಕ್ಕರು. ಸಾಹೇಬರ ತಲೆಯಲ್ಲಿ ಟೋಪಿಯೇ ಕೂತಿತ್ತು.

"ಅವನು ಟೋಕನ್ ದಲ್ಲಾಳಿ. ಸಾಲು ಹಿಡೀತಾನೆ, ಒಳಗೆ ಮಾತ್ರ ಹೋಗಲ್ಲ!"

"ಅಯ್ಯೋ, ಬಿಡ್ರೀ..."

ಬಿಡುವುದುಂಟೆ? ಹೆಂಡತಿ ಔಷಧಿ ತರುವಷ್ಟರಲ್ಲಿ ಸಾಹೇಬರು ಕಚೇರಿಗೆ ಹೋಗಿ, ದೂರಿನ ಪುಸ್ತಕ ತರಿಸಿ, ಒಂದು ಪುಟ ತುಂಬ ಬರೆದರು. ಕೊನೆಯಲ್ಲಿ ಪರಿಹಾರವನ್ನೂ ಸೂಚಿಸಿದರು. ಆಮೇಲೆ ಕಾವಲುಗಾರನನ್ನು ಕರೆದುಕೊಂಡು ಡ್ರಿಪ್ ಕೋಣೆಗೆ ಬಂದರು. ಟೋಪಿಯವನು ಅಲ್ಲೇ ಬೆಂಚಿನ ಮೇಲಿದ್ದ.

"ನಿಮ್ಮ ಫೈಲ್ ಎಲ್ರೀ?" ಎಂದ ಕಾವಲುಗಾರ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಇವನು ಟೋಪಿ ಮುಟ್ಟಿಕೊಂಡ. ಆಗಲೇ ಔಷಧಿ ತಂದು ನಿಂತಿದ್ದ ಸಾಹೇಬರ ಹೆಂಡತಿಯ ಕಡೆ ನೋಡಿದ. ಅವಳು ಫ್ಯಾನನ್ನು ನೋಡುತ್ತಿದ್ದಳು.

"ಇನ್ನೊಬ್ಬರ ಟಿಕೆಟ್ಟಲ್ಲಿ ಪ್ರಯಾಣ ಮಾಡೋರ ಮುಖ ನನಗೆ ಗೊತ್ತಾಗಲ್ವಾ?" ಎಂದು ಸಾಹೇಬರು ಗುಡುಗಿದರು. ಕಾವಲುಗಾರ ಟೋಕನ್ ಕಿತ್ತುಕೊಂಡು ಪರಪರ ಹರಿದ. ಗಡಿಬಿಡಿಯಲ್ಲಿ ಟೋಪಿಯನ್ನು ಬೆಂಚಿನ ಮೇಲೆಯೇ ಬಿಟ್ಟು ಆಸಾಮಿ ಓಡಿದ. ಯಾರೋ ಚಪ್ಪಾಳೆ ತಟ್ಟಿದರು. ಎಷ್ಟೋ ತಿಂಗಳ ಮೇಲೆ ಸಾಹೇಬರಿಗೆ ಮೈಯಲ್ಲಿ ಶಕ್ತಿ ಬಂದಂತಾಯಿತು.

"ನಮ್ಮ ಟೋಕನ್ ಎಷ್ಟನೇದೇ?"

"ಈಗ ಹರಿಸಿದ್ರಲ್ಲ, ಅದೇ."

ಸಾಹೇಬರು ನೆಲದ ಮೇಲಿನ ಟೋಕನ್ ಚೂರುಗಳತ್ತ ಬಗ್ಗಿದರು.

"ಅವನು ನನ್ನ ತಂಗಿಯ ಅಳಿಯ ಕಣ್ರೀ. ಅವನ ಮದುವೆ ದಿನ ನಿಮಗೆ ಮೂರನೇ ಡ್ರಿಪ್, ನೀವು ಅವನನ್ನ ನೋಡಿಲ್ಲ. ಆವತ್ತಿಂದ ಪ್ರತಿ ಸಲ ನಸುಕಿಗೆ ಬಂದು ನಿಮಗೋಸ್ಕರ ಸಾಲು ಹಿಡಿಯೋನು ಅವನೇ. ಹೇಳಿದ್ರೆ ನೀವು ಒಪ್ತಿದ್ರಾ?"

"ಆ ಟೋಪಿ?"

"ನಾನೇ ಹೆಣೆದಿದ್ದು. ಯಾರಿಗೂ ಅನುಮಾನ ಬರದಿರಲಿ, ರೋಗಿ ಥರ ಕಾಣಲಿ ಅಂತ."

ನರ್ಸ್ ಹೊರಗೆ ಇಣುಕಿದಳು. "ಇವತ್ತಿನ ಕುರ್ಚಿಗಳು ಭರ್ತಿ. ಉಳಿದವರು ನಾಳೆ ಬನ್ನಿ."

ಸಾಹೇಬರ ಕಣ್ಣು ತುಂಬಿತು. ಮುಗಿಯಬೇಕಾಗಿದ್ದದ್ದು ಮುಗಿಯಲಿಲ್ಲ. ಮೂವತ್ತು ವರ್ಷದ ಸೇವೆಯನ್ನು ಬದಿಗಿಟ್ಟು ಮೆಲ್ಲಗೆ ಕೇಳಿದರು: "ಅಳಿಯಂದಿರು ನಾಳೆ ಬಿಡುವಾಗಿದ್ದಾರಾ?"

ಹೆಂಡತಿ ಗೋಡೆಯ ಕಡೆ ಬೆರಳು ತೋರಿಸಿದಳು. ಕಾವಲುಗಾರ ಹೊಸ ಸೂಚನೆ ಅಂಟಿಸುತ್ತಿದ್ದ: 'ನಾಳೆಯಿಂದ ರೋಗಿಯು ಖುದ್ದಾಗಿ ಬೆಳಿಗ್ಗೆ ಐದಕ್ಕೆ ಬಂದು ಟೋಕನ್ ಪಡೆಯತಕ್ಕದ್ದು.' ಸಾಲಿನಲ್ಲಿದ್ದವರೆಲ್ಲ ಅದನ್ನೋದಿ ಸಾಹೇಬರತ್ತ ತಿರುಗಿದರು.

"ನಿಮ್ಮ ಸೂಚನೆ ದೊಡ್ಡವರಿಗೆ ಬಹಳ ಹಿಡಿಸ್ತು ಸಾರ್," ಎಂದ ಕಾವಲುಗಾರ. "ಒಂದಕ್ಷರಾನೂ ಬದಲಾಯಿಸಿಲ್ಲ."

ಹೆಂಡತಿ ಬೆಂಚಿನ ಮೇಲಿದ್ದ ಹಸಿರು ಟೋಪಿಯನ್ನು ಕೊಡವಿ ಗಂಡನ ಬೋಳುತಲೆಗೆ ಹಾಕಿದಳು.

"ಇಟ್ಕೊಳ್ಳಿ. ಐದು ಗಂಟೆಗೆ ಚಳಿ ಇರುತ್ತೆ."