ಶೆಡ್ಡಿನಿಂದ ಮುಧೋಳಕ್ಕೆ

ಸುಳ್ಳು ಹೇಳುವುದಕ್ಕೆ ಧೈರ್ಯ ಬೇಕು ಎನ್ನುವವರು ಬಹುಶಃ ಎಂದೂ ಸುಳ್ಳು ಹೇಳಿದವರಲ್ಲ. ಹೇಳುವಾಗ ಏನೂ ಬೇಕಾಗುವುದಿಲ್ಲ, ಬಾಯಿ ಇದ್ದರೆ ಸಾಕು. ಆಮೇಲೆ ಅದನ್ನು ಸಾಕುವುದಿದೆಯಲ್ಲ, ಅದು ಎಮ್ಮೆ ಸಾಕಿದಷ್ಟು ಕಷ್ಟ. ಹೊತ್ತುಹೊತ್ತಿಗೆ ಮೇವು ಹಾಕಬೇಕು, ಹಗ್ಗ ಹರಿದುಕೊಂಡು ಓಣಿಗೆ ನುಗ್ಗದಂತೆ ಕಾಯಬೇಕು. ಸೇಡಂನಲ್ಲಿ ನನ್ನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾನು ಅಂಥದೊಂದನ್ನು ಕೆಲವು ವರ್ಷ ಸಾಕಿದೆ. ಈ ವಯಸ್ಸಿನಲ್ಲಿ ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅರಗುವುದಿಲ್ಲ, ಆದ್ದರಿಂದ ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಮೈಬೂಬಸಾಬ ನನ್ನ ಹೈಸ್ಕೂಲಿನ ಗೆಳೆಯ. ಅವನದೊಂದು ಹಳೆಯ ಫಿಯೆಟ್ ಕಾರು, ಮೊಸರಿನ ಬಣ್ಣದ್ದು. ಕಣ್ಣು ಮಂಜಾಗಿ ನಡೆಸುವುದು ಬಿಟ್ಟ ಮೇಲೆ ಅವನು ಶಹಾಬಾದಿನ ಮಗಳ ಮನೆ ಸೇರಿದ. ಅಲ್ಲಿಯ ಓಣಿಯಲ್ಲಿ ಎರಡು ಸೈಕಲ್ಲು ಎದುರಾದರೆ ಒಂದು ಹಿಂದೆ ಸರಿಯಬೇಕು. ಹಾಗಾಗಿ ಕಾರು ನನ್ನ ಶೆಡ್ಡಿಗೆ ಬಂತು. ಕೀಲಿ ಕೊಡುವಾಗ ಕೇಳಿದ: “ನಡಸ್ಲಿಕ್ಕೆ ಬರ್ತದಲ್ಲೋ ಶಾಂತ್ಯಾ?”

“ಬರ್ದೇ ಏನು!” ಎಂದೆ. ಸುಳ್ಳಿನ ಎಮ್ಮೆ ಹುಟ್ಟಿದ್ದು ಅಲ್ಲಿ.

“ಹಂಗಾದ್ರ ವಾರಕ್ಕೊಮ್ಮೆ ಮುಧೋಳ ತನಕ ಒಯ್ದು ತಾ. ನಿಲ್ಲಿಸೇ ಇಟ್ಟಿ ಅಂದ್ರ ಕೆಡ್ತದ.” ಮುಧೋಳ ಎಂದರೆ ನಮ್ಮ ಸೇಡಂ ತಾಲೂಕಿನದೇ ಹತ್ತಿರದ ಊರು.

ನಿಜ ಏನೆಂದರೆ, ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದಾಗ ಮಾಲೀಕರ ಜೀಪನ್ನು ನಾನು ಒಮ್ಮೆ ನಡೆಸಿದ್ದೆ. ಅದು ನೆಟ್ಟಗೆ ಹೋಗಿ ತೊಗರಿ ಚೀಲಗಳ ಒಟ್ಟಿಲು ಹತ್ತಿ ನಿಂತಿತು. ಮೇಲೆ ಊಟಕ್ಕೆ ಕುಂತಿದ್ದ ಹಮಾಲರು ಬುತ್ತಿ ಸಮೇತ ಹಾರಿದರು. ಅಂದಿನಿಂದ ಸ್ಟಿಯರಿಂಗ್ ಕಂಡರೆ ನನ್ನ ಅಂಗೈ ಬೆವರುತ್ತದೆ. ಗೆಳೆಯನ ಮುಂದೆ ಇದನ್ನು ಹೇಳಲು ನಾಚಿಕೆಯಾಯಿತು, ಅಷ್ಟೆ.

ಪ್ರತಿ ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಅವನು ಫೋನು ಮಾಡುತ್ತಿದ್ದ. ಅಷ್ಟರೊಳಗೆ ನಾನು ಶೆಡ್ಡಿನಲ್ಲಿ ಕಾರು ಚಾಲೂ ಮಾಡಿ, ಕಿಟಕಿಯ ಗಾಜು ಇಳಿಸಿ, ಫೋನು ಹೊರಗೆ ಹಿಡಿದು ಸಿದ್ಧನಾಗಿರುತ್ತಿದ್ದೆ.

“ಎಲ್ಲಿದ್ದಿಯೋ?”

“ಊರ ದಾಟೀನಿ. ಎಡಕ್ಕ ತೊಗರಿ ಹೂ ಬಿಟ್ಟದ ನೋಡು, ಅರಿಷಿಣ ಚೆಲ್ಲಿದಂಗ.”

“ಆ ದೊಡ್ಡ ಬೇವಿನ ಗಿಡ ಬಂತೇನು?”

“ಇದೇ ಈಗ ದಾಟ್ತು. ತಡಿ, ಕುರಿ ಅಡ್ಡ ಬಂದಾವ,” ಎಂದು ಹಾರ್ನ್ ಹೊಡೆಯುತ್ತಿದ್ದೆ. ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ನನ್ನ ಹೆಂಡತಿ ನೀಲಮ್ಮ, “ಕುರಿ ಎಲ್ಲೂ ಅಡ್ಡ ಬಂದಿಲ್ಲ, ಒಳಗೇ ಕುಂತದ,” ಎನ್ನುತ್ತಿದ್ದಳು. ಪುಣ್ಯಕ್ಕೆ ಫೋನು ಆ ಕಡೆ ಇರುತ್ತಿತ್ತು. ಮಾತು ಮುಗಿದರೆ ಕಾರೂ ಬಂದ್. ವಾರಕ್ಕೊಮ್ಮೆ ಚಾಲೂ ಮಾಡಿದೆನಲ್ಲ, ಎಂಜಿನ್ನಿಗೆ ಅಷ್ಟು ಸೇವೆ ಸಾಕು ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಹೀಗಿರಲು ಒಂದು ಶುಕ್ರವಾರ ಅವನೆಂದ: “ಮುಂದಿನ ವಾರ ಚಿತ್ತಾಪುರದಾಗ ಮೊಮ್ಮಗಳ ನಿಕಾ ಅದ. ಗಂಡನ ಮನಿಗಿ ನನ್ನ ಗಾಡ್ಯಾಗೇ ಹೋಗ್ತೀನಿ ಅಂತ ಹಟ ಹಿಡದಾಳ. ಗುರುವಾರ ಬರ್ತೀನಿ.”

ಎಣ್ಣೆಯಾದರೂ ನೋಡೋಣವೆಂದು ಬಾನೆಟ್ ಎತ್ತಿ ಅಳತೆಯ ಕಡ್ಡಿ ಎಳೆದೆ. ಕರಿ ಎಣ್ಣೆ ಇರಬೇಕಾದಲ್ಲಿ ಹಾಲು ಹೆಚ್ಚಾದ ಚಹಾದಂಥದು ಅಂಟಿತ್ತು. ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಅದರ ಒಳಗೆ ಕೆನೆ ಕಟ್ಟಿತ್ತು. ಮದುಮಗಳು ಸಿಂಗಾರವಾಗಿ ನಡುದಾರಿಯಲ್ಲಿ ಕೆಟ್ಟ ಕಾರಿನ ಪಕ್ಕ ನಿಂತಿದ್ದಂತೆ, ಮೈಬೂಬ ನನ್ನ ಕಡೆ ನೋಡದೆ ಮುಖ ತಿರುಗಿಸಿದಂತೆ ಕಣ್ಣಿಗೆ ಕಟ್ಟಿತು.

ಮೆಕ್ಯಾನಿಕ್ ರೇವಣ್ಣನನ್ನು ಕರೆತಂದೆ. ಅವನು ಕಡ್ಡಿ ನೋಡಿ, “ಕಾಕಾ, ಎಣ್ಣಿ ಬದ್ಲಿ ಚಾ ಹಾಕೀರೇನು?” ಎಂದ. ರೇಡಿಯೇಟರಿನ ನೀರು ಕಮ್ಮಿಯಾಗಿಲ್ಲ, ಅಲ್ಲಿಂದ ಸೋರಿದ್ದಲ್ಲ ಎಂದ. “ತುಸು ಹೊತ್ತು ಚಾಲೂ ಮಾಡಿ ಬಂದ್ ಮಾಡೀರಿ. ಅನ್ನದ ಗಡಿಗಿ ಮುಚ್ಚಳಕ್ಕ ನೀರು ಕೂಡ್ತದಲ್ರಿ, ಒಳಗ ಹಂಗ ಆಗ್ಯದ. ದೂರ ಓಡಿ ಛಲೋ ಬಿಸಿ ಆಗಿದ್ರ ಆ ನೀರು ಹಾರಿ ಹೋಗ್ತಿತ್ತು. ಇದು ಓಡಿದ ಗಾಡಿನೇ ಅಲ್ಲ.”

ಅಂದರೆ ಎಣ್ಣೆ ನನ್ನ ಎಲ್ಲ ಶುಕ್ರವಾರಗಳನ್ನೂ ಒಳಗೆ ಕೂಡಿಸಿಟ್ಟು ಈಗ ಚಾಡಿ ಹೇಳುತ್ತಿತ್ತು. ರೇವಣ್ಣನ ಕೈ ಹಿಡಿದು, ಸುದ್ದಿ ಹೊರಗೆ ಬಿಡಬೇಡಪ್ಪಾ, ಗುರುವಾರದೊಳಗೆ ಎಲ್ಲ ತೆಗೆದು ಹೊಸದು ಹಾಕು ಎಂದೆ. ಬುಧವಾರ ಬಂದು ಎಣ್ಣೆ ಬಸಿಯಲು ಇಟ್ಟ. ಅದು ಬೋಗುಣಿಗೆ ಇಳಿಯುತ್ತಿರುವಾಗಲೇ ಗೇಟಿನ ಸಪ್ಪಳ. ಮೈಬೂಬ ಒಂದು ದಿನ ಮೊದಲೇ ಬಂದಿದ್ದ.

ಕೋಲು ಗೋಡೆಗೆ ಒರಗಿಸಿ ಬಗ್ಗಿದ. ಬೋಗುಣಿಯಲ್ಲಿ ಬೆರಳು ಅದ್ದಿ ತಿಕ್ಕಿ ನೋಡಿದ. “ನೀರು ಹೊಕ್ಕದಲ್ಲೋ. ಹೆಂಗ?”

ಆಗಲಾದರೂ ನಿಜ ಹೇಳಬಾರದೇ? “ದಸರಾಕ್ಕ ನಮ್ಮಾಕಿ ಪೈಪ್ ಹಿಡದು ತೊಳದ್ಳು,” ಎಂದುಬಿಟ್ಟೆ.

ಚಹಾ ಹಿಡಿದು ನೀಲಮ್ಮ ಹಿಂದೆಯೇ ನಿಂತಿದ್ದಳು. “ಅಣ್ಣಾ, ಆ ಗಾಡಿಗಿ ನನ್ನ ಸೆರಗು ಸೈತ ತಾಗಸಗೊಡಂಗಿಲ್ಲ ಇವ್ರು. ಕೇಳ್ರಿ, ಖರೇ ಹೇಳ್ಲಿ.”

ಇನ್ನು ಉಪಾಯವಿರಲಿಲ್ಲ. “ಮೈಬೂಬ, ನಂಗ ಗಾಡಿ ನಡಸ್ಲಿಕ್ಕೆ ಬರಂಗಿಲ್ಲೋ. ಮುಧೋಳ ದೂರ ಉಳೀತು, ಈ ಗೇಟೂ ದಾಟಿಲ್ಲ,” ಎಂದೆ.

ಅವನು ಎಣ್ಣೆಯ ಬೆರಳನ್ನು ನಿಧಾನವಾಗಿ ನನ್ನ ಧೋತರದ ತುದಿಗೆ ಒರೆಸಿದ. “ಗೊತ್ತದ ಬಿಡೋ. ಕಣ್ಣು ಹೋಗ್ಯಾವ, ಕಿವಿ ಅವ. ಗಿಯರ್ ಹಾಕಿದ ಸಪ್ಪಳ ಒಂದಿನಾನೂ ಬರ್ಲಿಲ್ಲ. ಮುಧೋಳ ತನಕ ನ್ಯೂಟ್ರಲ್‌ದಾಗ ಹೋದಾಂವ ಈ ಭೂಮಿ ಮ್ಯಾಲ ನೀನೊಬ್ಬನೇ.”

“ಮತ್ತ ಯಾಕ ಸುಮ್ನಿದ್ದಿ?”

“ಬೈದಿದ್ರ ನೀ ಹೇಳೋದು ಬಿಡ್ತಿದ್ದಿ. ತೊಗರಿ ಹೂ, ಕುರಿ, ಎಲ್ಲಾ ನಂಗ ಕಾಣ್ತಿತ್ತು.” ಕಾರಿನ ಮೈ ಸವರಿ, “ಆದ್ರ ಎಣ್ಣಿ ಹಿಂಗ ಆಗ್ತದಂತ ನಂಗೂ ಹೊಳೀಲಿಲ್ಲ. ಇಬ್ರೂ ಕೂಡಿ ಕೆಡಸೀವಿ,” ಎಂದ.

ರೇವಣ್ಣ ಫಿಲ್ಟರ್ ಬದಲಿಸಿ, ಒಳಗೆಲ್ಲ ತೊಳೆಯಲೆಂದು ಅಗ್ಗದ ಎಣ್ಣೆ ಹಾಕಿ, ಎಂಜಿನ್ ತಿರುಗಿಸಿ, ಅದನ್ನೂ ಬಸಿದು ಚೆಲ್ಲಿ, ಒಳ್ಳೆಯದು ತುಂಬಿದ. ಚಾಲೂ ಮಾಡಿದಾಗ ಮೈಬೂಬ ಬಾನೆಟ್ಟಿಗೆ ಕಿವಿ ಹಚ್ಚಿದ. ನಾನು ಅವನ ಮುಖವನ್ನೇ ನೋಡುತ್ತ ನಿಂತೆ. ಸಾಲೆಯಲ್ಲಿ ಪರೀಕ್ಷೆಯ ಫಲಿತಾಂಶಕ್ಕೂ ಹಾಗೆ ಕಾದಿರಲಿಲ್ಲ. “ಬೇರಿಂಗ್ ಉಳದದ, ಎಂಜಿನ್ನಿಗಿ ಏನೂ ಆಗಿಲ್ಲ,” ಎಂದ. ಮೊಮ್ಮಗಳು ಅದೇ ಕಾರಿನಲ್ಲಿ ಗಂಡನ ಮನೆ ಸೇರಿದಳು. ಆದರೆ ಅದಕ್ಕೂ ಮೊದಲು ನನ್ನದೊಂದು ಬಾಕಿ ಇತ್ತು.

“ಇದನ್ನ ಛಲೋ ಬಿಸಿ ಆಗೋ ತನಕ ಓಡಿಸ್ಬೇಕ್ರಿ,” ಎಂದ ರೇವಣ್ಣ. “ಮುಧೋಳಕ್ಕ ಹೋಗಿ ಬರಾಮು.”

ಅವನು ನಡೆಸಿದ, ಮೈಬೂಬ ಮುಂದೆ ಕುಳಿತ, ನಾನು ಹಿಂದೆ. ಊರು ದಾಟಿತು. “ಹೂಂ, ಹೇಳೋ ಶಾಂತ್ಯಾ, ಎಲ್ಲಿ ಬಂದೀವಿ?” ಎಂದ ಮೈಬೂಬ. ನಾನು ಹೊರಗೆ ನೋಡಿದೆ. ಆ ರಸ್ತೆಗೆ ಬಂದು ಎಷ್ಟೋ ವರ್ಷವಾಗಿತ್ತು. ರಸ್ತೆ ಅಗಲವಾಗಿದೆ, ಎರಡೂ ಕಡೆ ಗುರುತಿಲ್ಲದ ಅಂಗಡಿಗಳು. ವಾರವಾರ ನಾನು ದಾಟಿಸುತ್ತಿದ್ದ ಬೇವಿನ ಗಿಡದ ಬೊಡ್ಡೆಯೂ ಇಲ್ಲ. “ತಡಿ, ನೋಡಿ ಹೇಳ್ತೀನಿ,” ಎಂದೆ.

ಮೈಬೂಬ ರೇವಣ್ಣನ ಭುಜ ತಟ್ಟಿದ. “ಗಾಡಿ ತಿರಗಸಪಾ. ಇವನ್ನ ಶೆಡ್ಡಿನಾಗ ಕುಂದ್ರಸು. ಅಲ್ಲಿಂದಾದ್ರ ಇವಂಗ ಎಲ್ಲಾ ಕಾಣ್ತದ.”