ಮಾವನವರ ಕೈ ತಪ್ಪಿದ ಮೀನು

ನನ್ನ ಮಾವನವರು ಹುಟ್ಟಿದಾಗಿನಿಂದ ಒಂದೇ ಒಂದು ಮೀನನ್ನೂ ತಿಂದವರಲ್ಲ. ಆದರೆ ಒಂದು ಮೀನು ಮಾತ್ರ ಅವರ ಅರ್ಧ ಆಯುಸ್ಸನ್ನೂ ನಮ್ಮೆಲ್ಲರ ಪೂರ್ತಿ ತಲೆಯನ್ನೂ ತಿಂದಿತು!

ಹೊನ್ನವಳ್ಳಿ ಕಡೆಯ ಊರು ಅವರದು. ಊರ ಹಿಂದೆ ಕೆರೆ, ಕೆರೆಯ ಕೆಳಗೆ ತೆಂಗಿನ ತೋಟ, ಮನೆಯ ಅಟ್ಟದ ತುಂಬ ಕೊಬ್ಬರಿಯಾಗಲು ಕಾಯುತ್ತಾ ಕೂತ ಕಾಯಿಗಳು. ಲಿಂಗಪೂಜೆ ಆಗದೆ ತೊಟ್ಟು ನೀರು ಕುಡಿಯದ ಮನೆತನ. ಅಂಥ ಮನೆಯ ಯಜಮಾನರು ಹಣೆ ತುಂಬ ವಿಭೂತಿ ಧರಿಸಿ, ತಿಂಡಿ ಮುಗಿಸಿ, ಹೆಗಲ ಮೇಲೆ ಟವಲು ಹಾಕಿ, ಗಾಳದ ಕೋಲು ಹಿಡಿದು ಕೆರೆ ಕಡೆ ಹೊರಟರೆ ನೋಡಿದವರು ಏನಂದುಕೊಳ್ಳಬೇಕು? ಯಾರೋ ಒಬ್ಬರು ಧೈರ್ಯ ಮಾಡಿ ಕೇಳಿಯೇಬಿಟ್ಟಿದ್ದರಂತೆ: "ಅಲ್ಲಾ ಯಜಮಾನ್ರೇ, ತಿನ್ನೋದಿಲ್ಲ ಅಂದ್ಮೇಲೆ ಯಾಕೆ ಹಿಡೀತೀರಿ?"

ಮಾವನವರು ನಿಂತು ಉತ್ತರ ಕೊಟ್ಟರಂತೆ: "ಇಸ್ಪೀಟು ಆಡೋರೆಲ್ಲ ಇಸ್ಪೀಟು ತಿಂತಾರೇನ್ಲಾ?"

ಆ ಮೀನು ನನ್ನ ಬಾಳಿನಲ್ಲಿ ಮೊದಲು ಕಾಣಿಸಿಕೊಂಡದ್ದು ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ. ಚಿಕ್ಕನಾಯಕನಹಳ್ಳಿಯ ನಮ್ಮ ಮನೆಯಲ್ಲಿ ಬೆಳಿಗ್ಗೆಯಿಂದ ಉಪ್ಪಿಟ್ಟು ಕೇಸರಿಬಾತಿನ ಗಡಿಬಿಡಿ. ಹುಡುಗಿಗೆ ಹಾಡು ಬರುತ್ತಾ, ಅಡುಗೆ ಬರುತ್ತಾ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಬಾಯಿಪಾಠ ಮಾಡಿಕೊಂಡು ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಗಂಡಿನ ತಂದೆ ಕೇಳಿದ ಮೊದಲ ಪ್ರಶ್ನೆಯೇ ಬೇರೆ!

"ನಿಮ್ಮೂರ ಕೆರೇಲಿ ನೀರು ಹೆಂಗೈತೆ?"

"ಎಲ್ಲಿ ನೀರು ಬುಡಿ, ಮಳೆ ಬಂದ್ರೆ ತಾನೆ" ಅಂದರು ನಮ್ಮಪ್ಪ.

ಸಾವಿನ ಮನೆಗೆ ಬಂದವರು ನಿಟ್ಟುಸಿರು ಬಿಡುತ್ತಾರಲ್ಲ, ಹಾಗೆ ಒಂದು ನಿಟ್ಟುಸಿರು ಬಿಟ್ಟು ಅವರು ತಮ್ಮೂರಿನ ಕೆರೆಯ ಕಥೆ ಶುರು ಮಾಡಿದರು. ತೂಬಿನ ಪಕ್ಕ ಕೂತದ್ದು, ಬೆಂಡು ಮುಳುಗಿದ್ದು, ಕೋಲು ಬಾಗಿದ್ದು... ನಾನು ತಟ್ಟೆ ಹಿಡಿದು ಹತ್ತಿರ ಹೋಗುವುದಕ್ಕೂ ಮೀನು ನೀರಿನಿಂದ ಮೇಲೆ ಬರುವುದಕ್ಕೂ ಸರಿಹೋಯಿತು. "ಇಷ್ಟುದ್ದ!" ಎಂದು ಎರಡೂ ಕೈ ಚಾಚಿದರು ನೋಡಿ, ತಟ್ಟೆ ಹಾರಿತು, ಲೋಟಗಳು ಉರುಳಿದವು, ಬಿಸಿ ಕಾಫಿಯೆಲ್ಲ ಗಂಡಿನ ಬಿಳಿ ಪಂಚೆಯ ಮೇಲೆ!

ಗಂಡು ಎದ್ದು ಕುಣಿದದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ನಗುವ ಹುಡುಗಿ ಅಂತ ಅವರು ಅಲ್ಲೇ ಒಪ್ಪಿಕೊಂಡರಂತೆ. ನಮ್ಮಪ್ಪನಿಗೆ ಮಾತ್ರ ಬೇರೆ ಸಂಕಟ. ಶಿವಪೂಜೆಯ ಮನೆ ಅಂದಿದ್ದರು, ಇವರು ಮೀನು ಮೀನು ಅಂತಾರಲ್ಲ! ಅವರ ಮುಖ ನೋಡಿ ನನ್ನ ಅತ್ತೆಯವರು ಸೆರಗು ಸರಿಮಾಡಿಕೊಂಡು ಸಮಾಧಾನ ಹೇಳಿದರು:

"ಏನೂ ಅಂದ್ಕೋಬೇಡಿ ಕಣ್ರೀ. ಅವ್ರು ಹಿಡಿಯೋದಿಲ್ಲ, ಬರೀ ಬಿಟ್ಟುಬುಡ್ತಾರೆ."

ಅತ್ತೆಯವರು ಹೇಳಿದ್ದು ನಿಜವೆಂದು ಮದುವೆಯಾಗಿ ಬಂದ ಮೇಲೆ ತಿಳಿಯಿತು. ಮೀನು ಹಿಡಿಯುವವರು ಗಾಳಕ್ಕೆ ಎರೆಹುಳು ಚುಚ್ಚುತ್ತಾರೆ. ಮಾವನವರು ಚುಚ್ಚುತ್ತಾರೆಯೇ? "ಪಾಪ, ಅದಕ್ಕೆ ನೋವಾಗಲ್ವಾ?" ಹಾಗಾಗಿ ಅವರದು ರಾಗಿಮುದ್ದೆಯ ಗಾಳ. ಬಿಸಿಮುದ್ದೆಯ ಚೂರಿಗೆ ಒಂದಿಷ್ಟು ಕೊಬ್ಬರಿ ತುರಿ ಸೇರಿಸಿ, ಅಂಗೈಯಲ್ಲಿ ಉಂಡೆ ಕಟ್ಟಿ, ಬಾಳೆಲೆಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಅಡುಗೆಮನೆಯಲ್ಲಿ ನಾನು ಎಣಿಸಿ ಕಟ್ಟಿಟ್ಟ ಮುದ್ದೆಗಳಲ್ಲಿ ಒಂದು ದಿನವೂ ಲೆಕ್ಕ ಸರಿಹೋದದ್ದಿಲ್ಲ. ನಮ್ಮೂರ ಕೆರೆಯ ಮೀನುಗಳು ನಮ್ಮನೆ ನೆಂಟರಿಗಿಂತ ಚೆನ್ನಾಗಿ ಉಂಡವು ಅಂದರೆ ನಾನು ಯಾರನ್ನೂ ಹೀಯಾಳಿಸುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ಈ ಉಪಚಾರಕ್ಕೆ ಮರುಳಾಗಿ ಆಗಾಗ ಬೆರಳುದ್ದದ ಮರಿಯೊಂದು ಗಾಳಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಮಾವನವರು ಅದರ ಬಾಯಿಂದ ಗಾಳವನ್ನು ಮುಳ್ಳು ತೆಗೆದಷ್ಟು ಮೆತ್ತಗೆ ಬಿಡಿಸಿ, ನೀರಿಗೆ ಬಿಟ್ಟು, ಗದರುತ್ತಿದ್ದರು: "ಹೋಗು, ನಿಮ್ಮಜ್ಜನ್ನ ಕಳ್ಸು!"

ಅಜ್ಜ ಮಾತ್ರ ಬರಲಿಲ್ಲ. ಒಂದೇ ಒಂದು ಸಲ, ಅವರ ಮದುವೆಯಾದ ಹೊಸದರಲ್ಲಿ, ಬಂದಿತ್ತಂತೆ. ಗಾಳ ಕಚ್ಚಿ, ಮೇಲೆ ಬಂದು, ಮಾವನವರ ಮುಖವನ್ನು ಸರಿಯಾಗಿ ನೋಡಿ, ದಾರ ಕಿತ್ತುಕೊಂಡು ಹೋಗಿತ್ತಂತೆ. "ನನ್ನ ಮುಖ ನೋಡ್ತು ಕಣವ್ವಾ, ಗುರ್ತು ಇಟ್ಕೊಳ್ಳೋರಂಗೆ ನೋಡ್ತು" ಎಂದು ನನಗೆ ಹೇಳುವಾಗ ಅವರ ದನಿಯೇ ಬೇರೆಯಾಗುತ್ತಿತ್ತು.

ದಾರ ಕಿತ್ತದ್ದು ಯಾಕೆ? ಅದು ಕೇಳುವವರ ಮೇಲೆ ಹೋಗುತ್ತಿತ್ತು. ಪಂಚಾಯ್ತಿ ಚೇರ್ಮನ್ನರು ಕೇಳಿದರೆ ಕೆರೆ ಏರಿಯ ಮೇಲಿನ ಜಾಲಿ ಕಡಿಸದೆ ಬಿಟ್ಟದ್ದರಿಂದ ದಾರ ಮುಳ್ಳಿಗೆ ಸಿಕ್ಕಿತು. ಡಾಕ್ಟರು ಕೇಳಿದರೆ ಆ ಗಳಿಗೆಗೆ ಸರಿಯಾಗಿ ಸೊಂಟ ಹಿಡಿದುಕೊಂಡಿತು. ಅಂಗಡಿಯವರು ಕೇಳಿದರೆ ಈ ಕಾಲದ ದಾರದಲ್ಲಿ ಹುರುಳೇ ಇಲ್ಲ. ಅತ್ತೆಯವರ ಎದುರಿಗೆ ಒಂದೇ ಕಾರಣ: "ನೀನು ಊಟಕ್ಕೆ ಕೂಗಿದೆಯಲ್ಲೇ, ಅದಕ್ಕೇ ಹೆದರ್ಕೊಂಡು ಹೋಯ್ತು!"

"ನಾನು ಕೂಗಿದ್ರೆ ಊಟಕ್ಕೆ ನೀವೇ ಬರಲ್ಲ, ಅದು ಹೆದರ್ತದಾ?" ಎನ್ನುತ್ತಿದ್ದರು ಅತ್ತೆ.

ಮೀನಿನ ಉದ್ದವೂ ಅಷ್ಟೆ. ನಾನು ಮದುವೆಯಾಗಿ ಬಂದಾಗ ಎರಡು ಮೊಳವಿತ್ತು. ನನ್ನ ಮಗಳ ನಾಮಕರಣದ ಹೊತ್ತಿಗೆ ಮಾರುದ್ದವಾಯಿತು. ಮಗು ಬೆಳೆದಂತೆ ಮೀನೂ ಬೆಳೆಯಬೇಡವೇ! ತಿಪಟೂರಿನಿಂದ ಬರುವ ಸಾಯಂಕಾಲದ ಬಸ್ಸಿನಲ್ಲಿ ಒಮ್ಮೆ ಹೀಗಾಯಿತು. ಕಾಲಿಡಲು ಜಾಗವಿಲ್ಲದ ಬಸ್ಸು. ಪಕ್ಕದಲ್ಲಿ ನಿಂತ ಬಿಳಿಗೆರೆಯ ಯಾರೋ ಪಾಪದ ಮನುಷ್ಯನಿಗೆ ಮಾವನವರು ಮೀನಿನ ಕಥೆ ಹೇಳತೊಡಗಿದ್ದರು. ಉದ್ದ ತೋರಿಸಲು ಕಂಬಿ ಬಿಟ್ಟು ಎರಡೂ ಕೈ ಚಾಚಿದ ಗಳಿಗೆಗೇ ಡ್ರೈವರು ಬ್ರೇಕು ಹಾಕಬೇಕೇ! ಮಾವನವರು ಬಿಳಿಗೆರೆಯವನ ಮೇಲೆ, ಬಿಳಿಗೆರೆಯವನು ಒಂದು ಬುಟ್ಟಿ ಟೊಮೇಟೊ ಮೇಲೆ, ಕೊನೆಗೆ ಎಲ್ಲರೂ ಕಂಡಕ್ಟರನ ಮೇಲೆ. ಕಂಡಕ್ಟರು ಎದ್ದು, ಚದುರಿದ ಟಿಕೆಟ್ಟುಗಳನ್ನು ಆರಿಸಿಕೊಳ್ಳುತ್ತಾ ಕೈ ಮುಗಿದ:

"ಯಜಮಾನ್ರೇ, ಮೀನ್ನ ಒಸಿ ಚಿಕ್ಕದು ಮಾಡ್ಕೊಳ್ಳಿ. ಹಿಂದೆ ಜನ ನಿಂತವ್ರೆ!"

ಅತ್ತೆಯವರದು ಇನ್ನೊಂದೇ ಲೋಕ. ಮನೆಯೊಳಗೆ ಆ ಕೋಲು ಬರಕೂಡದು, ಅದು ತೋಟದ ಪಂಪ್‌ಸೆಟ್ ಮನೆಯಲ್ಲೇ ಇರಬೇಕು. ಕೆರೆಯಿಂದ ಬಂದವರು ಹಿತ್ತಿಲ ಕಡೆಯಿಂದಲೇ ಬಂದು, ತಲೆಗೆ ನೀರು ಹಾಕಿಕೊಂಡು, ವಿಭೂತಿ ಧರಿಸಿದ ಮೇಲೆಯೇ ಊಟ. ಮಾವನವರಿಗೆ ವರ್ಷವಿಡೀ ನೆಗಡಿ ಇರುತ್ತಿದ್ದುದು ಇದರಿಂದಲೇ. ಅವರು ಕಥೆ ಶುರು ಮಾಡಿದರೆ ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು. "ಸುಳ್ಳು ಕೇಳಿದ್ರೂ ಪಾಪ ಬರ್ತದೆ ಕಣೇ" ಎಂದು ನನಗೂ ಒಳಗೆ ಬರಲು ಸನ್ನೆ ಮಾಡುತ್ತಿದ್ದರು.

ಊರಿನವರೂ ನಂಬಿರಲಿಲ್ಲ, ಬಿಡಿ. ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ "ಮೀನು ಇವತ್ತು ಎಷ್ಟುದ್ದ ಆಯ್ತು ಯಜಮಾನ್ರೇ?" ಎಂದು ಕೇಳಿ ನಗುವುದು ಅವರಿಗೊಂದು ಅಭ್ಯಾಸವಾಗಿತ್ತು. ಮಾವನವರೂ ಜೊತೆಗೆ ನಗುತ್ತಿದ್ದರು. ಅದು ಅವರನ್ನು ಒಳಗೊಳಗೇ ಕೊರೆಯುತ್ತಿತ್ತು ಎಂದು ನನಗೆ ತಿಳಿದದ್ದು ಕೆರೆ ಬತ್ತಿದ ವರ್ಷ.

ಆ ವರ್ಷ, ಅದರ ಹಿಂದಿನ ವರ್ಷ, ಎರಡೂ ಸಲ ಮುಂಗಾರು ಕೈಕೊಟ್ಟಿತ್ತು. ಬೇಸಿಗೆಗೆ ಕೆರೆ ಇಳಿದು ಇಳಿದು ತೂಬಿನ ಬಳಿ ಒಂದಿಷ್ಟು ಕೆಸರು ನೀರು ಉಳಿಯಿತು. ಪಂಚಾಯ್ತಿಯವರು ಮೀನನ್ನು ಗುತ್ತಿಗೆಗೆ ಕೊಟ್ಟರು. ಇಂಥ ದಿನ ಬಲೆ ಬೀಳುತ್ತದೆ, ಒಂದು ಮೀನೂ ಉಳಿಯುವುದಿಲ್ಲ ಎಂದು ಡಂಗುರವಾಯಿತು. ಊರಿಗೆ ಊರೇ ಕುಣಿಯಿತು, ಮೀನಿನ ಆಸೆಗಲ್ಲ! ಯಜಮಾನರ ಮೀನು ಸಿಗುತ್ತೋ ಇಲ್ಲವೋ ನೋಡಿಯೇಬಿಡೋಣ ಅಂತ.

ಮಾವನವರ ಊಟ ಅರ್ಧಕ್ಕರ್ಧ ನಿಂತಿತು. ಅಟ್ಟ ಹತ್ತಿ ಕೂತು ಕಾಯಿಗಳನ್ನು ಸುಮ್ಮನೆ ಕಿವಿಯ ಬಳಿ ಅಲ್ಲಾಡಿಸುತ್ತಿದ್ದರು, ಒಳಗೆ ಕೊಬ್ಬರಿ ಕಳಚಿದೆಯೋ ನೋಡುವವರ ಹಾಗೆ. ಕಾಫಿ ಕೊಡಲು ಹೋದಾಗ ನನ್ನನ್ನು ಕೇಳಿದರು:

"ಸಿಕ್ಕಿದ್ರೆ ಅದನ್ನ ಕೊಯ್ದು ಮಾರ್ತಾರೆ. ಸಿಗದಿದ್ರೆ ನಾನು ಸುಳ್ಳ. ಯಾವ್ದು ಆಗ್ಲಿ ಅಂತ ಶಿವನ್ನ ಕೇಳ್ಕೊಳ್ಳಲಿ ಕಣವ್ವಾ?"

ನಾನು ಕಾಫಿ ಲೋಟವನ್ನು ಅವರ ಮುಂದೆ ಹಿಡಿದೆ. ಕುಡಿದು ಮುಗಿಸಿ ಅವರೇ ಮೆಲ್ಲಗೆ ಅಂದರು: "ಒಬ್ರಾದ್ರೂ ನಂಬಿದ್ರೆ ಸಾಕಾಗಿತ್ತು." ನಾನು ನಂಬುತ್ತೇನೆ ಮಾವ ಅಂದೆ. ಅವರು ನನ್ನ ಮುಖ ನೋಡಿ ನಕ್ಕು, ಲೋಟ ವಾಪಸು ಕೊಟ್ಟರು. ನನ್ನ ಮುಖಕ್ಕೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಕಾಫಿ ಚೆಲ್ಲಿದ ದಿನವೇ ಅವರು ಕಂಡುಕೊಂಡಿದ್ದರು.

ಬಲೆ ಬಿತ್ತು. ಬುಟ್ಟಿ ಬುಟ್ಟಿ ಮೀನು ಮೇಲೆ ಬಂತು. ಅಂಗೈಯಗಲದವು, ಗೇಣುದ್ದದವು, ಹಾವಿನಂತೆ ನುಲಿಯುವಂಥವು. ಕೆಸರೆಲ್ಲ ಜಾಲಾಡಿದ ಮೇಲೂ ಮಾವನವರದು ಬರಲಿಲ್ಲ. ಸಾಯಂಕಾಲ ಗುತ್ತಿಗೆದಾರ, ಅವನ ಹಿಂದೆ ಹತ್ತಾರು ಜನ, ನಮ್ಮ ಮನೆಯ ಮುಂದೆ ಬಂದು ನಿಂತರು. ಗುತ್ತಿಗೆದಾರನ ಎರಡು ಬೆರಳಿನ ಮಧ್ಯೆ ಒಂದು ಪುಟ್ಟ ಮರಿ ನೇತಾಡುತ್ತಿತ್ತು.

"ಯಜಮಾನ್ರೇ, ಇದೇನಾ ನೋಡಿ ನಿಮ್ದು! ಬಿಸಿಲಿಗೆ ಒಸಿ ಸೊರಗೈತೆ ಅಷ್ಟೆ!"

ನಗೆಯೋ ನಗೆ. ನನ್ನ ಗಂಡನೂ ಬೇರೆ ಕಡೆ ತಿರುಗಿ ತುಟಿ ಕಚ್ಚಿಕೊಂಡರು. ಮಾವನವರು ಜಗಲಿಯ ಮೇಲೆ ಕೂತಿದ್ದರು. ಎಂದಿನಂತೆ ಜೊತೆಗೆ ನಗಲಿಲ್ಲ, ಒಂದು ಕಾರಣವನ್ನೂ ಹೇಳಲಿಲ್ಲ. ಟವಲಿನಿಂದ ಮುಖ ಒರೆಸಿಕೊಂಡು ನೆಲ ನೋಡಿದರು. ಎಷ್ಟೋ ವರ್ಷ ಆ ಮೀನಿನ ಕಾಟದಿಂದ ಬೇಸತ್ತಿದ್ದ ನನಗೇ ಅದನ್ನು ನೋಡಲಾಗಲಿಲ್ಲ.

ಆಗ ಒಳಗಿನಿಂದ ಅತ್ತೆಯವರು ಬಂದರು.

ನಮ್ಮತ್ತೆ ಎಂಥವರೆಂದು ಊರಿಗೆಲ್ಲ ಗೊತ್ತು. ಕೊಬ್ಬರಿ ಕೊಳ್ಳಲು ಬಂದವರಿಗೆ ರಾಶಿಯೊಳಗಿನ ಕೊಳೆತದ್ದನ್ನು ತಾವೇ ಆರಿಸಿ ತೋರಿಸುವ ಹೆಂಗಸು. ಅವರ ಬಾಯಲ್ಲಿ ಸುಳ್ಳು ಬಂದದ್ದನ್ನು ಕೇಳಿದವರಿಲ್ಲ.

"ನಾನು ನೋಡಿದೀನಿ" ಅಂದರು.

ನಗು ನಿಂತಿತು.

"ಏನ್ ನೋಡಿದ್ರಿ ಅಮ್ಮಾವ್ರೇ?"

"ಅವ್ರ ಮೀನು. ಹದಿನೈದು ದಿನದ ಹಿಂದೆ, ತೂಬಿನ ತಾವ ಬಟ್ಟೆ ಒಗಿಯೋವಾಗ. ಕಣ್ಣಾರೆ ನೋಡಿದೀನಿ." ಆಮೇಲೆ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು, ಎರಡೂ ತೋಳು ಚಾಚಿದರು. ಬಸ್ಸಿನಲ್ಲಿ ಮಾವನವರು ಚಾಚಿದ್ದಕ್ಕಿಂತ ಒಂದು ಗೇಣು ಹೆಚ್ಚೇ! "ಇಷ್ಟುದ್ದ ಇತ್ತು. ಅವ್ರು ಕಮ್ಮಿ ಹೇಳ್ತಿದ್ರು. ಈಗ ಎಲ್ಲೋಯ್ತು ಅಂತ ನನ್ನ ಕೇಳ್ಬೇಡಿ. ಕೆರೆ ಗುತ್ತಿಗೆ ಹಿಡಿದಿರೋರು ನೀವು, ನಾನಲ್ಲ."

ಗುತ್ತಿಗೆದಾರ ಮರಿಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡ. ಜನ ಒಬ್ಬೊಬ್ಬರಾಗಿ ಕರಗಿದರು. ಮರುದಿನ ಹೋಟೆಲಿನಲ್ಲಿ ಅವರೇ ಮಾವನವರಿಗೆ ಬೆಂಚಿನಲ್ಲಿ ಜಾಗ ಬಿಟ್ಟುಕೊಟ್ಟು, ದಾರ ಯಾವ ಕಡೆಯಿಂದ ಕಿತ್ತಿತು ಎಂದು ಗಂಭೀರವಾಗಿ ಕೇಳಿದರಂತೆ.

ಬಲೆ ಬಿದ್ದ ದಿನ ರಾತ್ರಿ ಊಟಕ್ಕೆ ಕೂತಾಗ ಮಾವನವರು ತಟ್ಟೆ ನೋಡಿಕೊಂಡೇ ಕೇಳಿದರು: "ನಿಜವಾಗ್ಲೂ ಅಷ್ಟಿತ್ತೇನೇ?"

"ಇತ್ತು. ಸಾರು ಆರೋಯ್ತದೆ, ಉಣ್ಣಿ."

ಅಂದು ಅವರು ಎರಡು ಮುದ್ದೆ ಉಂಡರು.

ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಅತ್ತೆಯವರು ದಿನಾ ಸಂಜೆ "ಪೂಜೆಗೆ ಪತ್ರೆ ತರ್ತೀನಿ" ಎಂದು ತೋಟಕ್ಕೆ ಹೋಗತೊಡಗಿದ್ದರು. ಸಂಜೆ ಹೊತ್ತು ಯಾರಾದರೂ ಪತ್ರೆ ಕೀಳುತ್ತಾರೆಯೇ? ಒಂದು ದಿನ ಹಿಂದೆಯೇ ಹೋದೆ. ನೋಡಿದರೆ, ಅತ್ತೆ ತೋಟದ ಬಾವಿಯ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಕೊಬ್ಬರಿ ಚೂರು ತೆಗೆದು ನೀರಿಗೆ ಹಾಕುತ್ತಿದ್ದಾರೆ! ಬಗ್ಗಿ ನೋಡಿದೆ. ತಳದಲ್ಲಿದ್ದ ನೀರಿನಲ್ಲಿ ಒಂದು ಮೀನು ಮೇಲೆ ಬಂದು, ಚೂರು ಕಚ್ಚಿ, ಮುಳುಗಿತು.

"ಅತ್ತೇ!"

ಅವರು ಬೆಚ್ಚಿ ತಿರುಗಿದರು. ಬಚ್ಚಿಟ್ಟು ಪ್ರಯೋಜನವಿಲ್ಲ ಎಂದು ಗೊತ್ತಾಗಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಕೆಸರಲ್ಲಿ ಬಾಯಿ ಬಾಯಿ ಬಿಡ್ತಿತ್ತು ಕಣೇ. ಅವರದೇ ಇರಬೌದು ಅನ್ನಿಸ್ತು. ಬಟ್ಟೆ ಬಕೆಟ್ಟಿಗೆ ಹಾಕ್ಕೊಂಡು, ಮೇಲೆ ಒದ್ದೆ ಸೀರೆ ಮುಚ್ಚಿ ತಂದೆ. ಮನೆಗೆ ಬಂದು ಮೂರು ಸಲ ತಲೆಗೆ ನೀರು ಹಾಕ್ಕೊಂಡೆ."

"ಅವತ್ತೇ ಮಾವನಿಗೆ ತೋರಿಸಬಹುದಿತ್ತಲ್ಲ ಅತ್ತೆ?"

"ಬಟ್ಟೆ ಬಕೆಟ್ಟಲ್ಲಿ ಹಿಡಿಸ್ತು ಕಣೇ ಅದು! ಬಾಲನೂ ಆಚೆ ಬರಲಿಲ್ಲ. ಹೆಂಗೆ ತೋರ್ಸಲಿ?"

ನನಗೆ ನಗು ಉಕ್ಕಿತು. "ಮತ್ತೆ ಅಷ್ಟು ಜನರ ಮುಂದೆ ಅಷ್ಟುದ್ದ ಅಂದುಬಿಟ್ರಲ್ಲ" ಅಂದೆ.

ಅತ್ತೆಯವರು ಉಳಿದ ಚೂರನ್ನೂ ಬಾವಿಗೆ ಹಾಕಿ, ಕೈ ಕೊಡವಿಕೊಂಡು ಎದ್ದರು.

"ಇಷ್ಟು ವರ್ಷ ಅವ್ರೊಬ್ರೇ ಅಷ್ಟುದ್ದ ಕೈ ಚಾಚ್ಕೊಂಡು ಬಂದವ್ರೆ. ನಾನು ಒಂದ್ಸಲ ಚಾಚಿದ್ರೆ ನನ್ನ ಕೈ ಏನು ಬಿದ್ದೋಗ್ತವಾ?"